ಅಮೆರಿಕದ ಭೂತಕ್ಕೊಂದು ದೂರು

ನಾನು ಅಮೆರಿಕದಿಂದ ಭೂತಕ್ಕೆ ಹೆದರಿ ಓಡಿ ಬಂದೆ ಎಂಬ ಸುದ್ದಿ ಪಡೀಲಿನಿಂದ ಹಂಪನಕಟ್ಟೆಯವರೆಗೆ ಎಲ್ಲರಿಗೂ ಗೊತ್ತು. ಕ್ಷೌರದಂಗಡಿಯವನು ಕುತ್ತಿಗೆಗೆ ಬಟ್ಟೆ ಕಟ್ಟುತ್ತಾ ವಿಚಾರಿಸುತ್ತಾನೆ. ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನು ನಿಲ್ಲಿಸಿ ವಿಚಾರಿಸುತ್ತಾನೆ. ನಮ್ಮ ಮನೆಗೆ ಹಾಲು ತರುವ ಗಿರಿಜಕ್ಕ, ಇನ್ನು ಮದುವೆಯಾಗುವುದಾದರೆ ಧೈರ್ಯದ ಹುಡುಗಿಯನ್ನೇ ನೋಡಬೇಕೆಂದು ನನ್ನ ತಾಯಿಗೆ ಸಲಹೆ ಕೊಟ್ಟು ಹೋಗಿದ್ದಾರೆ.

ಹೆದರಿದ್ದು ಹೌದು. ಓಡಿದ್ದು ಶುದ್ಧ ಸುಳ್ಳು. ಈ ಎರಡರ ನಡುವೆ ಏನು ನಡೆಯಿತು ಎಂಬುದನ್ನು ಬರೆದುಬಿಡುತ್ತೇನೆ. ಓದಿದ ಮೇಲೂ ನಗುವವರು ನಗಲಿ. ಆಕಾಶಕ್ಕೆ ತಾಗುವ ಕಟ್ಟಡಗಳ ವರ್ಣನೆ ಬೇಕಾದವರು ಮಾತ್ರ ಬೇರೆ ಪುಸ್ತಕ ನೋಡಬೇಕು. ಆ ಕಟ್ಟಡಗಳನ್ನು ನಾನೂ ನೋಡಿದ್ದೇನೆ. ಆದರೆ ಕಾರಿನ ಹಿಂದಿನ ಸೀಟಿನಿಂದ, ಬಾಯಿಗೆ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು. ಹಾಗಾಗಿ ನನ್ನ ಸಾಕ್ಷಿ ನಡೆಯುವುದಿಲ್ಲ.

ಅಕ್ಕನ ಮನೆ

ನನ್ನ ಹೆಸರು ಸದಾನಂದ. ಕೆಲಸ ಮೈಕ್ ಕಟ್ಟುವುದು. ಪಡೀಲಿನ ಬಾಬಣ್ಣನವರ ಮೈಕ್ ಸೆಟ್ಟನ್ನು ಹೈಸ್ಕೂಲು ಬಿಟ್ಟಂದಿನಿಂದ ಹೊತ್ತವನು ನಾನು. ಎರಡು ಹಾರ್ನು, ಒಂದು ಆಂಪ್ಲಿಫಯರು, ಮೂರು ಮೈಕು. ಮದುವೆಯಾಗಲಿ, ಯಕ್ಷಗಾನದ ಆಟವಾಗಲಿ, ಭೂತಕೋಲವಾಗಲಿ, ಮರದ ತುದಿಯಲ್ಲಿ ಹಾರ್ನು ಏರದೆ ನಮ್ಮ ಕಡೆ ಒಂದೂ ಶುರುವಾಗುವುದಿಲ್ಲ. ಬಾಬಣ್ಣನವರಿಗೆ ಈಗ ಮೊಣಕಾಲು ಮಡಚುವುದಿಲ್ಲ. ಹೋದ ವರ್ಷ ಅವರು ನನ್ನನ್ನು ಕರೆದು, ದೀಪಾವಳಿ ಕಳೆದು ಕೋಲದ ಸೀಸನ್ ಶುರುವಾಗುವ ಮೊದಲು ನೀನು ವಹಿಸಿಕೊಳ್ಳುವುದಾದರೆ ಸೆಟ್ಟು ನಿನಗೆ, ಇಲ್ಲದಿದ್ದರೆ ಸುರತ್ಕಲ್ಲಿನ ಒಬ್ಬರು ಕೇಳುತ್ತಿದ್ದಾರೆ ಎಂದರು. ಆ ದಿನ ನಾನು ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದೆ.

ಮನೆಯಲ್ಲಿ ದೊಡ್ಡ ಮಾವ ಕೂತಿದ್ದರು. ನಮ್ಮದು ಅಳಿಯಸಂತಾನದ ಮನೆ. ತಂದೆಯ ಮಾತನ್ನು ಮೀರಿದರೂ ಮೀರಬಹುದು, ತಾಯಿಯ ಅಣ್ಣನ ಮಾತನ್ನು ಮೀರಿ ಒಂದು ಬಾಳೆಗೊನೆ ಸಹ ಕಡಿಯುವ ಹಾಗಿಲ್ಲ. ನಾಲ್ಕು ಜನ ದೊಡ್ಡವರು ಊಟಕ್ಕೆ ಕೂತಲ್ಲಿ ತಮ್ಮ ಅಳಿಯ ಪ್ಯಾಂಟು ಮಡಚಿ ತೆಂಗಿನಮರ ಹತ್ತುವುದನ್ನು ತಾವು ನೋಡಬೇಕಾ ಎಂದು ಮಾವ ಕೇಳಿದರು. ನೋಡುವುದು ಬೇಡ, ಊಟ ಮಾಡಿ ಎಂದೆ. ಒಂದು ತಿಂಗಳೊಳಗೆ ನನ್ನ ಪಾಸ್‌ಪೋರ್ಟು ಬಂತು. ಎರಡು ತಿಂಗಳ ಮಟ್ಟಿಗೆ ಅಕ್ಕನನ್ನು ನೋಡಿ ಬಾ ಎಂದರು.

ಶಕು ಅಕ್ಕ ಇರುವುದು ಓಹಿಯೋ ಎಂಬಲ್ಲಿ. ಅವಳ ಗಂಡ ರಘುನಾಥ ಭಾವ ಅಲ್ಲಿಯ ಟಯರ್ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷದಿಂದ ಎಂಜಿನಿಯರು. ನಾನು ಹೋಗಿ ಇಳಿದ ದಿನವೇ ಭಾವ, ಕಳೆದುಹೋದರೆ ಕಷ್ಟ ಎಂದು ನನ್ನ ಪಾಸ್‌ಪೋರ್ಟು ಮತ್ತು ವಾಪಸು ಟಿಕೆಟನ್ನು ತಮ್ಮ ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದರು. ಎಷ್ಟು ಒಳ್ಳೆಯ ಭಾವ ಎಂದುಕೊಂಡೆ. ಒಂದು ತಿಂಗಳ ಮೇಲೆ ಗೊತ್ತಾಯಿತು, ಮಾವನೂ ಭಾವನೂ ಕಾಗದದಲ್ಲೇ ಎಲ್ಲ ಮುಗಿಸಿದ್ದಾರೆ ಎಂದು. ಭಾವನ ಪರಿಚಯದವರ ಮೋಟೆಲಿನಲ್ಲಿ ನಾನು ಬೀಗದಕೈ ಕೊಡುವ ಕೆಲಸಕ್ಕೆ ಸೇರುವುದು. ಇರಲು ಬೇಕಾದ ಕಾಗದಪತ್ರವನ್ನು ಅವರೇ ಮಾಡಿಸುವುದು. ಮೈಕು, ಹಾರ್ನು ಎಲ್ಲ ಮರೆಯುವುದು.

ಟಿಕೆಟು ಕೊಡಿ ಎಂದು ಮೂರು ಸಲ ಕೇಳಿದೆ. ಮೊದಲ ಸಲ ಭಾವ ಗಡ್ಡ ಹೆರೆಯುತ್ತಿದ್ದರು, ಕೇಳಿಸಲಿಲ್ಲ. ಎರಡನೇ ಸಲ ಟಿವಿಯಲ್ಲಿ ವಾರ್ತೆ ಬರುತ್ತಿತ್ತು. ಮೂರನೇ ಸಲ "ನೋಡುವ" ಎಂದರು. ನಮ್ಮೂರಿನವರು "ನೋಡುವ" ಎಂದರೆ ಅದರ ನಂತರ ನೋಡಲು ಏನೂ ಉಳಿದಿರುವುದಿಲ್ಲ.

ಆಗ ಅಕ್ಟೋಬರ್ ಕೊನೆ. ಅಲ್ಲಿ ಹಾಲೋವೀನ್ ಎಂಬ ಹಬ್ಬ. ಮಕ್ಕಳು ಭೂತದ ವೇಷ ಹಾಕಿ ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ದೊಡ್ಡವರು ಕೈಯಿಂದ ದುಡ್ಡು ಹಾಕಿ ಟಿಕೆಟು ಕೊಂಡು ಹೆದರಿಸಿಕೊಳ್ಳುತ್ತಾರೆ. ಎರಡು ಗಂಟೆ ದಾರಿಯಲ್ಲಿರುವ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನವರು ನಾಲ್ಕು ಭೂತದ ಮನೆ ಕಟ್ಟಿದ್ದಾರೆಂದು ಟಿವಿಯಲ್ಲಿ ತೋರಿಸಿದರು. ಅನ್ನಕ್ಕೆ ಸಾರು ಕಲಸುತ್ತಿದ್ದ ನಾನು ಸುಮ್ಮನೆ ಉಣ್ಣಬಹುದಿತ್ತು.

"ಈ ಪ್ಲಾಸ್ಟಿಕ್ ಭೂತಕ್ಕೆ ಯಾರು ಹೆದರ್ತಾರೆ ಭಾವ? ಎಂಟು ವರ್ಷ ನಿಜವಾದ ಭೂತದ ಬಾಯಿಗೆ ಮೈಕ್ ಹಿಡಿದವ ನಾನು."

"ಹಿಡಿದದ್ದು ಹೌದು ಮಾರಾಯ," ಎಂದರು ಭಾವ, ತಟ್ಟೆಯಿಂದ ತಲೆ ಎತ್ತದೆ. "ಭೂತ ಒಂದು ಬೊಬ್ಬೆ ಹಾಕಿದಾಗ ಮೈಕ್ ಬಿಸಾಡಿ ಬಾಳೆಗಿಡದ ಹಿಂದೆ ಕೂತದ್ದು ಯಾರು ಹಾಗಾದ್ರೆ?"

ಅಕ್ಕನಿಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ಬಾಳೆಗಿಡದ ಸುದ್ದಿ ನನಗಿಂತ ಮೊದಲೇ ಏರೋಗ್ರಾಮಿನಲ್ಲಿ ಕೂತು ಸಮುದ್ರ ದಾಟಿ ಬಂದಿತ್ತು.

ಪಂಥ ಕಟ್ಟಿದ್ದು ಭಾವನೇ. ಆ ಮನೆಗಳಲ್ಲಿ, ಮುಂದೆ ಹೋಗಲು ಆಗದವರಿಗೆಂದು ಬದಿಯಲ್ಲಿ ಒಂದೊಂದು ಸಣ್ಣ ಬಾಗಿಲು ಇರುತ್ತದಂತೆ. ನಾಲ್ಕು ಮನೆಯನ್ನೂ ಆ ಬದಿಬಾಗಿಲು ಮುಟ್ಟದೆ ದಾಟಿದರೆ ಡ್ರಾಯರು ತೆರೆಯುವುದು, ಮಾವನಿಗೆ ಭಾವನೇ ಕಾಗದ ಬರೆಯುವುದು. ಒಂದೇ ಒಂದು ಸಲ ಮುಟ್ಟಿದರೆ ಸೋಮವಾರದಿಂದ ತೆಪ್ಪಗೆ ಮೋಟೆಲಿಗೆ. ಆಗಲಿ ಎಂದೆ. ನನ್ನ ಬಾಯಿಗೂ ನನ್ನ ಧೈರ್ಯಕ್ಕೂ ಯಾವತ್ತೂ ಪರಿಚಯವಿಲ್ಲ.

ಮೊದಲನೆಯದು: ಸ್ಮಶಾನ

ನಮ್ಮಲ್ಲಿ ಭೂತ ಬರುವುದೆಂದರೆ ಸುಲಭವಲ್ಲ. ಭೂತದ ಒಡವೆಗಳ ಭಂಡಾರ ಬರಬೇಕು, ಕಟ್ಟುವವನಿಗೆ ಎಣ್ಣೆ, ವೀಳ್ಯ ಕೊಟ್ಟು ಎಣ್ಣೆ ಬೂಳ್ಯ ಆಗಬೇಕು, ಮುಖಕ್ಕೆ ಬಣ್ಣ ಏರಬೇಕು, ಭೂತದ ಕಥೆ ಹಾಡುವ ಪಾಡ್ದನ ಹೇಳಬೇಕು, ಊರವರೆಲ್ಲ ಕಾದು ಕಾದು ತೂಕಡಿಸಬೇಕು. ಇಲ್ಲಿ ಭೂತಗಳು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಡ್ಯೂಟಿಗೆ ಹಾಜರಾಗಿದ್ದವು. ಗೇಟಿನ ಹತ್ತಿರ ಒಂದು ಭೂತ ಕೈಗಡಿಯಾರ ನೋಡಿಕೊಂಡು ಬೇಗ ಬೇಗ ಸ್ಯಾಂಡ್‌ವಿಚ್ ತಿನ್ನುತ್ತಿತ್ತು. ಗಲ್ಲದ ಮೇಲೆ ಇಳಿದದ್ದರಲ್ಲಿ ರಕ್ತ ಎಷ್ಟು, ಟೊಮೆಟೊ ಸಾಸ್ ಎಷ್ಟು ಎಂದು ಹೇಳಲಾಗುತ್ತಿರಲಿಲ್ಲ.

ಸ್ಮಶಾನದ ಬಾಗಿಲಲ್ಲಿ ಜನ ಸಾಲಾಗಿ ನಿಂತಿದ್ದರು. ಅಮೆರಿಕದವರ ಸಾಲು ಎಂದರೆ ಒಬ್ಬರಿಂದ ಒಬ್ಬರಿಗೆ ಒಂದು ಮೊಳ ಅಂತರ. ನಮ್ಮ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಆ ಅಂತರದಲ್ಲಿ ಮೂವರು ಹತ್ತಿ ಕೂತು ಆಗುತ್ತದೆ. ನಾನು ಅಭ್ಯಾಸಬಲದಿಂದ ಮುಂದಿನವರ ಬೆನ್ನಿಗೆ ಅಂಟಿಕೊಂಡು ನಿಂತೆ. ಅವರು ಒಂದು ಹೆಜ್ಜೆ ಮುಂದೆ ಸರಿದರು, ನಾನೂ ಸರಿದೆ. ಹೀಗೆ ನಾವಿಬ್ಬರೂ ಸೇರಿ ಸಾಲನ್ನು ಎಷ್ಟು ಒತ್ತಿದೆವೆಂದರೆ ಮುಂದಿದ್ದ ನಾಲ್ವರು ಸಮಯಕ್ಕೆ ಮೊದಲೇ ಒಳಗೆ ಹೋದರು. ಅವರಲ್ಲಿ ಅಕ್ಕ, ಭಾವ ಇಬ್ಬರೂ ಸೇರಿದ್ದರಿಂದ, ಆಮೇಲೆ ನಾನು ಮಾಡಿದ್ದನ್ನು ತಡೆಯಲು ಯಾರೂ ಇರಲಿಲ್ಲ.

ನಾನು ಬಾಗಿಲಲ್ಲಿ ಶೂ ಬಿಚ್ಚಿ ಇಟ್ಟೆ.

ಯೋಚಿಸಿ ಮಾಡಿದ್ದಲ್ಲ. ಹುಟ್ಟಿದಂದಿನಿಂದ ಭೂತದ ಚಾವಡಿಗೆ ಚಪ್ಪಲಿ ಹಾಕಿ ಹೋದವನಲ್ಲ ನಾನು. ಕಾಲಿಗೆ ಅದು ತಲೆಗಿಂತ ಚೆನ್ನಾಗಿ ಗೊತ್ತಿದೆ. ಭಾವನ ಹಳೆಯ ಶೂ ಅದು, ನನಗೆ ಎರಡು ಅಳತೆ ದೊಡ್ಡದು, ಮುಂದೆ ಪೇಪರ್ ತುರುಕಿದ್ದು. ಗೋಡೆಗೆ ಒತ್ತಿ ಜೋಡಿಸಿ ಇಟ್ಟೆ. ಬಾಗಿಲು ಕಾಯುತ್ತಿದ್ದ ಹೆಣದ ವೇಷದ ಹುಡುಗಿ ಏನೋ ಕೇಳಿದಳು. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, ಮರ್ಯಾದೆಗೆ ಎಂದೆ. ಅವಳು ತಲೆಯಾಡಿಸಿದಳು. ಹೆದರಿದ್ದು ಅವಳೇ ಇರಬೇಕು.

ಒಳಗೆ ಕತ್ತಲು. ಮೂರನೇ ಸಮಾಧಿಯಿಂದ ಒಂದು ಕೈ ಹೊರಬಂದು ನನ್ನ ಪಾದ ಹಿಡಿಯಿತು. ನಾನು ಜೀವ ಬಿಟ್ಟು ಎಳೆದೆ. ಶೂ ಇಲ್ಲದ ಕಾಲಲ್ಲವೇ, ಕಾಲು ಬಂತು, ಕಾಲುಚೀಲ ಅದರ ಕೈಯಲ್ಲೇ ಉಳಿಯಿತು. ಎರಡು ಹೆಜ್ಜೆ ಓಡಿದ ಮೇಲೆ ಹಿಂದಿನಿಂದ ಯಾರೋ ವಿನಯವಾಗಿ ಕರೆದರು. ತಿರುಗಿ ನೋಡಿದರೆ ಸಮಾಧಿಯೊಳಗಿಂದ ಆ ಕೈ ನನ್ನ ಕಾಲುಚೀಲವನ್ನು ಎತ್ತಿ ಹಿಡಿದು ಅಲ್ಲಾಡಿಸುತ್ತಿತ್ತು. ಸತ್ತವರಿಗೂ ಇಷ್ಟು ಸಭ್ಯತೆ ಇರುವ ದೇಶ ಅದು. ಥ್ಯಾಂಕ್ಯೂ ಹೇಳಿ ತೆಗೆದುಕೊಂಡೆ.

ಹೊರಗೆ ಬಂದರೆ ಅದು ಹಿಂದಿನ ಬಾಗಿಲು. ಸುತ್ತು ಹಾಕಿ ಮುಂದೆ ಹೋಗುವಷ್ಟರಲ್ಲಿ ಶೂ ಮಾಯ. ಸುತ್ತಮುತ್ತ ಹುಡುಕಿದೆ. ಕೊನೆಗೆ ಅಕ್ಕ ಬೆರಳು ತೋರಿಸಿದಳು. ಗೇಟಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಅಸ್ಥಿಪಂಜರ ನನ್ನ ಶೂ ಹಾಕಿಕೊಂಡಿತ್ತು. ಯಾರೋ ಅಲಂಕಾರದ ಸಾಮಾನು ಬಿಟ್ಟುಹೋಗಿದ್ದಾರೆಂದು ತಿಳಿದು ಪಾರ್ಕಿನವರು ತಂತಿ ಸುತ್ತಿ ಬಿಗಿದಿದ್ದರು. ಅದಕ್ಕೆ ಅಳತೆ ಸರಿಯಾಗಿತ್ತು ಎಂಬುದನ್ನು ಒಪ್ಪಲೇಬೇಕು. ಸಂಜೆ ಮುಚ್ಚುವಾಗ ಬಿಚ್ಚಿಕೊಡುತ್ತೇವೆ ಎಂದಳು ಹೆಣದ ಹುಡುಗಿ. ಆ ಶೂ ತಮ್ಮದೆಂದು ಯಾರಿಗೂ ಹೇಳಬೇಡ ಎಂದರು ಭಾವ.

ಎರಡನೆಯದು: ಆಸ್ಪತ್ರೆ

ಇದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಕಾರಣ, ಹೆಚ್ಚು ನೋಡಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಡಾಕ್ಟರ ವೇಷದವನೊಬ್ಬ ಮರ ಕೊಯ್ಯುವ ಮೆಷೀನು ಸ್ಟಾರ್ಟ್ ಮಾಡಿ ಎದುರು ಬಂದ. ನಾನು ಕಣ್ಣು ಮುಚ್ಚಿ ಪಕ್ಕದಲ್ಲಿದ್ದ ಅಕ್ಕನ ಕೈ ಹಿಡಿದೆ. ಅಕ್ಕ ನನ್ನನ್ನು ಎಳೆದುಕೊಂಡು, ಆಗಾಗ ಬೆನ್ನು ತಟ್ಟುತ್ತಾ, ಆ ಕೊನೆಯವರೆಗೆ ನಡೆಸಿದಳು. ಓಹಿಯೋಗೆ ಬಂದ ಮೇಲೆ ಅಕ್ಕನ ಕೈ ಎಷ್ಟು ದೊಡ್ಡದಾಗಿದೆ ಎಂದು ಯೋಚಿಸಿದ್ದು ನೆನಪಿದೆ. ಬೆಳಕಿಗೆ ಬಂದು ಕಣ್ಣು ಬಿಟ್ಟರೆ, ನಾನು ಹಿಡಿದಿದ್ದುದು ಅರವತ್ತು ದಾಟಿದ, ನನ್ನ ಎರಡರಷ್ಟಿದ್ದ ಒಬ್ಬ ಬಿಳಿಯ ಅಜ್ಜಿಯ ಕೈ. ಅವರು ನನ್ನ ಕೆನ್ನೆ ಚಿವುಟಿ, ಒಂದು ಬಿಸ್ಕತ್ತು ಕೊಟ್ಟು, ತಮ್ಮ ಮೊಮ್ಮಕ್ಕಳನ್ನು ಹುಡುಕಲು ಹೋದರು.

ಕಣ್ಣು ಮುಚ್ಚಿಕೊಂಡು ಬಂದದ್ದು ಲೆಕ್ಕಕ್ಕಿಲ್ಲ ಎಂದರು ಭಾವ. ಕಣ್ಣಿನ ಬಗ್ಗೆ ಪಂಥದಲ್ಲಿ ಮಾತೇ ಇರಲಿಲ್ಲ ಎಂದೆ ನಾನು. ಅಕ್ಕ ತೀರ್ಪು ಕೊಟ್ಟಳು: ಬದಿಬಾಗಿಲು ಮುಟ್ಟಿಲ್ಲ, ಆದ್ದರಿಂದ ಪಾಸು. ಭಾವ ಆಕಾಶ ನೋಡಿದರು.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಲ್ಲಿಯ ಜನ ಒಳಗೆ ಕಿರುಚುತ್ತಾರೆ, ಹೊರಗೆ ಬಂದು ನಗುತ್ತಾರೆ, ಮತ್ತೆ ಹೋಗಿ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಭೂತಕ್ಕೆ ಅವರಲ್ಲಿ ಏನೂ ಹೇಳಲಿಕ್ಕಿಲ್ಲ, ಅವರಿಗೆ ಅದರ ಹತ್ತಿರ ಏನೂ ಕೇಳಲಿಕ್ಕಿಲ್ಲ. ನಮ್ಮಲ್ಲಿ ಭೂತ ಎದುರು ಬಂದು ನಿಂತರೆ ಗದ್ದೆಯ ಬದುವಿನ ತಕರಾರು, ಅಣ್ಣತಮ್ಮಂದಿರ ಮಾತು ಬಿಟ್ಟದ್ದು, ಹಟ್ಟಿಯ ದನದ ಕಾಯಿಲೆ, ಎಲ್ಲ ಹೇಳುವುದುಂಟು. ದೂರು ಹೇಳಿದರೆ ಎದುರಾಳಿಯೂ ಬಂದು ಕೈಮುಗಿದು ತನ್ನ ಮಾತು ಹೇಳಲೇಬೇಕು. ಅಲ್ಲಿ ಸುಳ್ಳು ನಡೆಯುವುದಿಲ್ಲ. ಕೊನೆಗೆ ಭೂತ ನುಡಿ ಕೊಡುತ್ತದೆ, ಇಬ್ಬರೂ ತಲೆಬಾಗಿ ಮನೆಗೆ ಹೋಗುತ್ತಾರೆ. ಬರೀ ಹೆದರಿಸಿ ಕಳಿಸುವ ಭೂತ ಇದ್ದೂ ಏನು ಪ್ರಯೋಜನ?

ಕುಂಬಳಕಾಯಿಯ ಸ್ಟಾಲು

ಎರಡು ಮನೆ ಆದ ಮೇಲೆ ಬಿಡುವು. ಒಂದು ಕಡೆ ನೂರಾರು ಸಿಹಿಗುಂಬಳ ರಾಶಿ ಹಾಕಿ, ತಿರುಳು ತೆಗೆದು, ಕಣ್ಣು ಮೂಗು ಕೊರೆದು, ಒಳಗೆ ಮೇಣದ ಬತ್ತಿ ಇಡುತ್ತಿದ್ದರು. ತಿರುಳೆಲ್ಲ ಕಸದ ಡಬ್ಬಿಗೆ. ಅಕ್ಕ ಅದನ್ನು ನೋಡಿ ನಿಂತಲ್ಲೇ ನಿಂತಳು. ಮುಂದೆ ಆಗುವುದು ಭಾವನಿಗೆ ಗೊತ್ತಿತ್ತು, ಕಾಫಿ ತರುವ ನೆಪದಲ್ಲಿ ಮಾಯವಾದರು. ಅಕ್ಕ ಸೀದಾ ಹೋಗಿ, ಇನ್ನು ಎಸೆಯುವುದಾದರೆ ಈ ಚೀಲಕ್ಕೆ ಎಸೆಯಿರಿ ಎಂದು ಪರ್ಸಿನಿಂದ ಪ್ಲಾಸ್ಟಿಕ್ ಚೀಲ ಬಿಡಿಸಿ ಹಿಡಿದಳು. ಹತ್ತು ನಿಮಿಷದಲ್ಲಿ ಮೂರು ದಿನಕ್ಕಾಗುವಷ್ಟು ಕುಂಬಳ ನಮ್ಮ ಪಾಲಿಗೆ ಬಂತು. ಚೂರಿ ಹಿಡಿದ ಹುಡುಗ ಇದರಲ್ಲಿ ಏನು ಮಾಡುತ್ತೀರಿ ಎಂದು ಕೇಳಿದನಂತೆ. ಅಕ್ಕ ಅವನಿಗೆ ಕಡಲೆ ಹಾಕಿ ಗಸಿ ಮಾಡುವ ಕ್ರಮವನ್ನು ಕೊಬ್ಬರಿ ಎಣ್ಣೆಯ ಒಗ್ಗರಣೆಯವರೆಗೆ ವಿವರಿಸಿದಳು.

ಶೂ ಇಲ್ಲದೆ ಹುಲ್ಲಿನ ಮೇಲೆ ನಡೆದು ಒದ್ದೆಯಾದ ಕಾಲುಚೀಲ ಬಿಚ್ಚಿ, ಬೆಂಚಿನಲ್ಲಿ ಕೂತು ಹಿಂಡುತ್ತಿದ್ದೆ. ಅಕ್ಕ ಚೀಲದ ಬಾಯಿಗೆ ಗಂಟು ಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ನೀನು ಬಂದ ಮೇಲೆ ಗೊತ್ತಾದದ್ದು ನಂಗೆ. ಇಲ್ಲಿ ಹಗಲಿಡೀ ನಾನು ಬಾಯಿ ಬಿಡುದೇ ಇಲ್ಲ. ಭಾವ ಬರುವಾಗ ಏಳು ಗಂಟೆ. ಬಂದು ವಾರ್ತೆ ನೋಡುದು. ತುಳುವಿನಲ್ಲಿ ಯಾರಿಗಾದ್ರೂ ಬೈಲಿಕ್ಕಾದ್ರೂ ಒಂದು ಜನ ಬೇಡ್ವಾ?"

"ಬೈಲಿಕ್ಕೆ ನಾನು ಬೇಕು ಅಂತ ಉಂಟಾ?"

"ನಿನ್ನಷ್ಟು ಸುಲಭದಲ್ಲಿ ಸಿಕ್ಕುವವ ಯಾರು ಉಂಟು ಮತ್ತೆ?"

ನಾನು ಕಾಲುಚೀಲ ಹಿಂಡುವುದನ್ನು ಮುಂದುವರಿಸಿದೆ. ಅದರಲ್ಲಿ ನೀರು ಆಗಲೇ ಮುಗಿದಿತ್ತು.

ಮೂರನೆಯದು: ಕಿರುಚುವ ಬಂಗಲೆ

ಇಲ್ಲಿ ನಾನು ಹೆದರಲಿಲ್ಲ. ಬೇಕಾದರೆ ಅಕ್ಕನಿಗೆ ಕಾಗದ ಬರೆದು ಕೇಳಿ.

ಬಂಗಲೆಯೊಳಗೆ ಹೋದ ಕೂಡಲೇ ಒಂದು ಹೆಂಗಸಿನ ಕಿರುಚಾಟ. ಮೊದಲ ಸಲ ನನ್ನ ಕೂದಲು ನಿಂತಿತು. ಎರಡನೇ ಸಲ, ಕಿರುಚುವ ಮೊದಲು 'ಟಕ್' ಎಂಬ ಸಣ್ಣ ಶಬ್ದ ಕೇಳಿತು. ಟೇಪು ತುಂಡಾಗಿ ಅಂಟಿಸಿದ ಜಾಗದ ಶಬ್ದ ಅದು. ಅದೇ ಟೇಪು ಸುತ್ತಿ ಸುತ್ತಿ ಬರುತ್ತಿದೆ. ಎಣಿಸಿ ನೋಡಿದೆ, ಇಪ್ಪತ್ತಕ್ಕೊಂದು ಸಲ. ಅದರ ಅಡಿಯಲ್ಲಿ ಗುಂಯ್ ಎಂಬ ಹಮ್ಮಿಂಗ್ ಬೇರೆ. ಅರ್ತಿಂಗ್ ಸರಿ ಕೊಟ್ಟಿಲ್ಲ. ಬಾಬಣ್ಣನವರ ಸೆಟ್ಟಿನಲ್ಲಿ ಹೀಗೆ ಗುಂಯ್ ಅಂದರೆ ನಾನು ಎರಡು ದಿನ ಬೈಗುಳ ಕೇಳಬೇಕಾಗುತ್ತಿತ್ತು.

ಆಮೇಲೆ ನನ್ನ ನಡಿಗೆಯೇ ಬೇರೆಯಾಯಿತು. ಹತ್ತೊಂಬತ್ತು ಎಣಿಸಿ, ಈಗ ಕಿರುಚುತ್ತಾಳೆ ನೋಡಿ ಎಂದು ಹಿಂದಿನವರಿಗೆಲ್ಲ ಕೈಸನ್ನೆ ಮಾಡತೊಡಗಿದೆ. ಭಾವನಿಗೆ ಸ್ಪೀಕರು ಯಾವ ಮೂಲೆಯಲ್ಲಿ ಇಡಬೇಕಿತ್ತು ಎಂದು ಪಾಠ ಹೇಳಿದೆ. ಹೀಗೆ ಎದೆ ಉಬ್ಬಿಸಿಕೊಂಡು ಬರುತ್ತಿರುವಾಗ ಎದುರಿನಿಂದ ಒಬ್ಬ ಬಡಕಲು ಮನುಷ್ಯ ಅಷ್ಟೇ ಜಂಬದಲ್ಲಿ ಬಂದ. ನಾನು ಎಡಕ್ಕೆ ಸರಿದರೆ ಅವನೂ ಅದೇ ಕಡೆಗೆ ಸರಿದ. ಸಾರಿ ಎಂದೆ. ದಾರಿ ಬಿಡಲಿಲ್ಲ. ಸ್ವಲ್ಪ ನೂಕಿಯೇ ಹೋಗುವ ಎಂದು ಹೊರಟು ಕನ್ನಡಿಗೆ ಹಣೆ ಬಡಿದುಕೊಂಡೆ. ಕೋಳಿಮೊಟ್ಟೆಯಷ್ಟು ದೊಡ್ಡ ಬೋರೆ ಎದ್ದಿತು. ಆದರೂ ಬದಿಬಾಗಿಲು ಮುಟ್ಟಲಿಲ್ಲ.

ಮೂರು ಆಯಿತು. ಭಾವನ ಮುಖ ಸ್ವಲ್ಪ ಇಳಿದಿತ್ತು.

ನಾಲ್ಕನೆಯದು

ಅದಕ್ಕೆ ಅವರು ಇಟ್ಟ ಹೆಸರು ನನಗೆ ನೆನಪಿಲ್ಲ. ಸೂರ್ಯ ಇಳಿಯುವ ಹೊತ್ತು, ಕಾಲಡಿಯ ಸಿಮೆಂಟು ಮಂಜುಗಡ್ಡೆ. ಒಳಗೆ ಒಂದೇ ಒಂದು ಉದ್ದನೆಯ ಓಣಿ, ಕೊನೆಯಲ್ಲಿ ಕೆಂಪು ಬೆಳಕು. ನಾನು ಮುಂದೆ, ನನ್ನ ಹಿಂದೆ ಭಾವ, ಅವರ ಹಿಂದೆ ಕುಂಬಳದ ಚೀಲ ಹಿಡಿದ ಅಕ್ಕ, ಆಮೇಲೆ ಇಡೀ ಓಹಿಯೋ.

ಮೊದಲು ಕೇಳಿದ್ದು ಕಾಲಿನ ಶಬ್ದ. ಟೇಪಿನದ್ದಲ್ಲ, ಅದು ನನಗೆ ಗೊತ್ತಾಗುತ್ತದೆ. ನಿಜವಾದ ಕಬ್ಬಿಣ. ಝಲ್, ಝಲ್. ಆಮೇಲೆ ಕೆಂಪು ಬೆಳಕಿನಿಂದ ಎದ್ದು ಬಂತು. ಏಳೆಂಟು ಅಡಿ ಎತ್ತರ, ಕಪ್ಪು ಕೆಂಪು ಮುಖ, ಬೆನ್ನಿಗೆ ಒಣ ಗರಿಗಳ ದೊಡ್ಡ ಚಕ್ರ, ಕಾಲಿಗೆ ಸರಪಳಿ. ಅವರು ಯಾವ ಕಥೆಯ ಭೂತ ಮಾಡಿದ್ದರೋ ನನಗೆ ಗೊತ್ತಿಲ್ಲ. ಆದರೆ ಬೆನ್ನ ಹಿಂದಿನ ಆ ಚಕ್ರ ನಮ್ಮ ಭೂತ ಕಟ್ಟುವ ಅಣಿಯ ಹಾಗೆಯೇ ಇತ್ತು. ಆ ಸರಪಳಿ ನಮ್ಮ ಭೂತದ ಕಾಲಿನ ಗಗ್ಗರದ ಹಾಗೆಯೇ ಝಲ್ ಎಂದಿತು. ಅದು ಒಂದೇ ನೆಗೆತಕ್ಕೆ ನನ್ನ ಮೂಗಿನ ಎದುರು ಬಂದು ಬೊಬ್ಬೆ ಹಾಕಿತು.

ಎಡಗಡೆಯಲ್ಲಿ ಬದಿಬಾಗಿಲು. ಅದರ ಮೇಲೆ ಹಸಿರು ದೀಪ. ಒಂದು ಮಾರು ದೂರ. ನನ್ನ ಹೊಟ್ಟೆ, ಬೆನ್ನು, ತಲೆಯ ಬೋರೆ, ಎಲ್ಲ ಆ ಕಡೆಗೇ ತಿರುಗಿದ್ದವು. ಕಾಲು ಮಾತ್ರ ಅಲ್ಲಾಡಲಿಲ್ಲ. ಬರಿಗಾಲಿನಲ್ಲಿ ಭೂತದ ಎದುರು ನಿಂತ ಮೇಲೆ ಅದು ಅಪ್ಪಣೆ ಕೊಡದೆ ಸರಿಯಬಾರದು. ಕೈ ತಾನಾಗಿ ಮುಗಿಯಿತು. ಬಾಯಿಯೂ ತಾನಾಗಿ ತೆರೆಯಿತು. ಅದರಿಂದ ಬಂದದ್ದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಸ್ವಾಮೀ, ನಾನು ಪಡೀಲಿನ ಸದಾನಂದ. ನನ್ನದೊಂದು ದೂರು ಉಂಟು. ನನಗೆ ಈ ದೇಶದಲ್ಲಿ ನಿಲ್ಲಲಿಕ್ಕೆ ಮನಸ್ಸಿಲ್ಲ. ನನ್ನ ಟಿಕೆಟು ಭಾವನ ಡ್ರಾಯರಿನಲ್ಲಿ ಉಂಟು, ಕೇಳಿದ್ರೆ ನೋಡುವ ಅಂತಾರೆ. ಮೈಕ್ ಕಟ್ಟುದು ಮನೆತನಕ್ಕೆ ಕಮ್ಮಿ ಅಂತಾರೆ ಮಾವ. ಕಮ್ಮಿಯಾದ್ರೆ ಆಗ್ಲಿ. ನೀವು ನುಡಿ ಕೊಡುವಾಗ ಹತ್ತು ಗದ್ದೆ ಆಚೆ ಹಾಸಿಗೆ ಹಿಡಿದ ಅಜ್ಜಿಗೂ ಕೇಳಬೇಕಾದ್ರೆ ಒಬ್ಬ ಮರ ಹತ್ತಲೇಬೇಕಲ್ವಾ? ಅವ ನಾನು. ನಾನು ಹೆದರುವವ ಹೌದು, ಬಾಳೆಗಿಡದ ಹಿಂದೆ ಕೂತದ್ದೂ ಹೌದು. ಆದ್ರೆ ಮೋಟೆಲಿಗೆ ಹೋಗುದಿಲ್ಲ. ಕಟ್ಟಿ ಹಾಕಿದ್ರೂ ಹೋಗುದಿಲ್ಲ."

ಭೂತ ಮತ್ತೊಮ್ಮೆ ಬೊಬ್ಬೆ ಹಾಕಿತು. ಅದರ ಕೆಲಸ ಅದು. ನಾನು ಕೈ ಇಳಿಸಲಿಲ್ಲ. ಮೂರನೇ ಬೊಬ್ಬೆ ಅರ್ಧಕ್ಕೇ ನಿಂತಿತು. ಹೆದರಿಸಿದರೆ ಓಡದ ಗಿರಾಕಿಯನ್ನು ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದೆ ಸಾಲು ನಿಂತಿತು. ಭೂತ ಬಗ್ಗಿ, ತೀರಾ ಸಣ್ಣ ಹುಡುಗನ ಸ್ವರದಲ್ಲಿ, ಇವರಿಗೆ ಮೈ ಸರಿ ಇಲ್ಲವೇ, ಏನು ಹೇಳುತ್ತಿದ್ದಾರೆ ಎಂದು ನನ್ನ ಹಿಂದಿನವರನ್ನು ಇಂಗ್ಲಿಷಿನಲ್ಲಿ ಕೇಳಿತು.

ಹಿಂದಿನವರೆಂದರೆ ಭಾವ. ನಾನು ತಿರುಗಿ ನೋಡಿದೆ. ಹನ್ನೆರಡು ವರ್ಷ ಅಮೆರಿಕದ ಅನ್ನ ಉಂಡ ಟಯರ್ ಎಂಜಿನಿಯರು ತಲೆಯ ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕಾಲಿನಿಂದ ಕಾಲಿಗೆ ಒತ್ತಿ ಶೂ ಬಿಚ್ಚಿ ಪಕ್ಕಕ್ಕೆ ಸರಿಸಿ ನಿಂತಿದ್ದರು. ಇದನ್ನು ಅವರು ಇವತ್ತಿಗೂ ಒಪ್ಪುವುದಿಲ್ಲ, ಶೂ ಕಚ್ಚುತ್ತಿತ್ತು ಎನ್ನುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಭಾವ ಸುಳ್ಳು ಹೇಳಬಹುದಿತ್ತು. ಇವನಿಗೆ ತಲೆ ಸರಿ ಇಲ್ಲ ಎಂದರೆ ಮುಗಿಯುತ್ತಿತ್ತು. ಅವರು ನಾನು ಹೇಳಿದ್ದನ್ನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಡ್ರಾಯರು, ಮಾವ, ಬಾಳೆಗಿಡ, ಹತ್ತು ಗದ್ದೆ ಆಚೆಯ ಅಜ್ಜಿ. ಆಮೇಲೆ ಸ್ವಲ್ಪ ತಡೆದು, ತಮ್ಮ ಮಾತನ್ನೂ ಹೇಳಿದರು. ಅದನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಲಿಲ್ಲ.

"ಟಿಕೆಟು ಇಟ್ಟುಕೊಂಡದ್ದು ಹೌದು. ಮಾವ ಹೇಳಿದ್ದಕ್ಕಲ್ಲ. ಇವ ಬಂದ ಮೇಲೆ ಶಕು ಮನೆಯಲ್ಲಿ ನಗ್ತಾಳೆ. ನಾನು ಕೆಲಸದಿಂದ ಬರುವಾಗ ಹೊರಗೆ ಮೆಟ್ಟಿಲವರೆಗೆ ಕೇಳ್ತದೆ. ಇವ ಹೋದ್ರೆ ಅದು ಇಲ್ಲ."

ಭೂತಕ್ಕೆ ಒಂದಕ್ಷರವೂ ಅರ್ಥವಾಗದಿದ್ದರೂ ತಲೆ ತಗ್ಗಿಸಿ ಕೇಳುತ್ತಿತ್ತು. ಅಕ್ಕ ಕುಂಬಳದ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ನಗುದು ಹೌದು," ಎಂದಳು. "ಅವ ಇರ್ಲಿ ಅಂತ ನಂಗೂ ಉಂಟು. ಆದ್ರೂ ಟಿಕೆಟು ಕೊಡಿ ನೀವು. ನಮಗೆ ನಗು ಬೇಕು ಅಂತ ಒಬ್ಬನನ್ನು ಡ್ರಾಯರಿನಲ್ಲಿ ಇಡ್ಲಿಕ್ಕೆ ಆಗ್ತದಾ?"

ನಾನು ಭೂತದ ಮುಖ ನೋಡಿದೆ. ನುಡಿ ಬರದೆ ನಾನು ಹೋಗುವವನಲ್ಲ ಎಂದು ಅದಕ್ಕೂ ಗೊತ್ತಾಗಿರಬೇಕು. ಭೂತ ನೆಟ್ಟಗೆ ನಿಂತು, ಸರಪಳಿ ಒಮ್ಮೆ ಝಲ್ ಎನಿಸಿ, ಅದರ ದಪ್ಪ ಸ್ವರವನ್ನು ಮತ್ತೆ ತಂದುಕೊಂಡು ಭಾವನಿಗೆ ಹೇಳಿತು: ಇವನೇನು ಮಗುವಲ್ಲ, ಇವನ ಟಿಕೆಟು ಇವನಿಗೆ ಕೊಟ್ಟುಬಿಡಿ. ನನಗೆ ಹೇಳಿತು: ನೀನು ದಯವಿಟ್ಟು ಇನ್ನು ಮುಂದೆ ಹೋಗು, ಜನ ಕಾಯುತ್ತಿದ್ದಾರೆ. ಸೊಂಟದ ಚೀಲಕ್ಕೆ ಕೈ ಹಾಕಿ ಕಿತ್ತಳೆ ಬಣ್ಣದ ಒಂದು ಮಿಠಾಯಿ ಕೊಟ್ಟಿತು. ಎರಡೂ ಅಂಗೈ ಜೋಡಿಸಿ ತೆಗೆದುಕೊಂಡೆ. ನನ್ನ ಭುಜದ ಪಕ್ಕದಿಂದ ಇನ್ನೆರಡು ಅಂಗೈ ಮುಂದೆ ಬಂದವು. ಭಾವನಿಗೂ ಒಂದು ಸಿಕ್ಕಿತು.

ಅಷ್ಟರಲ್ಲಿ ಸಾಲು ಯಾಕೆ ನಿಂತಿತೆಂದು ನೋಡಲು ಪಾರ್ಕಿನ ಕೆಲಸದವನೊಬ್ಬ ಟಾರ್ಚು ಹಿಡಿದು ಬಂದ. ನಮ್ಮ ಮೂವರನ್ನೂ ನೋಡಿ, ಪಾಪ ತೀರಾ ಹೆದರಿದ್ದಾರೆ ಎಂದುಕೊಂಡು, ನಾವು ಬಾಯಿ ಬಿಡುವ ಮೊದಲೇ ಹಸಿರು ದೀಪದ ಬಾಗಿಲು ತೆರೆದು ಹೊರಗೆ ಕಳಿಸಿಬಿಟ್ಟ.

ಬದಿಬಾಗಿಲಿನಿಂದ.

ಡ್ರಾಯರು

ವಾಪಸು ಹೊರಟೆವು. ಅಸ್ಥಿಪಂಜರದ ಕಾಲಿನಿಂದ ಬಿಚ್ಚಿಕೊಟ್ಟ ಶೂ ನನ್ನ ಮಡಿಲಲ್ಲಿತ್ತು. ಪಂಥದ ಪ್ರಕಾರ ನಾನು ಸೋತಿದ್ದೆ, ಅದು ಮೂವರಿಗೂ ಗೊತ್ತಿತ್ತು. ಮನೆ ತಲುಪಿದ ಮೇಲೆ ಭಾವ ಕೋಟು ಸಹ ಬಿಚ್ಚದೆ ಕೋಣೆಗೆ ಹೋದರು. ಬೀಗ ತಿರುಗಿದ ಶಬ್ದ ಕೇಳಿತು. ಅಕ್ಕ ಕುಂಬಳದ ಗಸಿ ಮಾಡಿ ಬಡಿಸಿದಾಗ ಪಾಸ್‌ಪೋರ್ಟನ್ನೂ ಟಿಕೆಟನ್ನೂ ತಂದು ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕ ಇಟ್ಟರು. ಏನಾದರೂ ಹೇಳುತ್ತಾರೆಂದು ಕಾದೆ. ಗಸಿಗೆ ಉಪ್ಪು ಕಮ್ಮಿ ಎಂದರು.

ಮಾವನಿಗೂ ಅವರೇ ಬರೆದರು. ಕಾಗದ ನನ್ನ ಕೈಯಲ್ಲೇ ಪೋಸ್ಟ್ ಮಾಡಿಸಿದರು. ಹುಡುಗ ಇಲ್ಲಿಗೆ ಆಗುವವನಲ್ಲ, ಸಿನಿಮಾದ ಹಾಗಿನ ಭೂತ ಕಂಡು ಬದಿಬಾಗಿಲಿನಿಂದ ಹೊರಗೆ ಬಂದ, ಇಂಥ ಪುಕ್ಕಲನನ್ನು ಮೋಟೆಲಿನಲ್ಲಿ ಒಬ್ಬನೇ ಇಡಲಾಗುವುದಿಲ್ಲ, ಊರಿಗೆ ಕಳಿಸುತ್ತಿದ್ದೇನೆ ಎಂದು. ಬೇರೆ ಏನು ಬರೆದರೂ ಮಾವ ಬಿಡುತ್ತಿರಲಿಲ್ಲ. ಇದಕ್ಕೆ ಮಾತ್ರ ಉತ್ತರವಿಲ್ಲ. ನನ್ನನ್ನು ಊರಿಗೆ ತಂದದ್ದು ವಿಮಾನವಲ್ಲ, ಆ ಪುಕ್ಕಲ ಎಂಬ ಮಾತು. ಆದ್ದರಿಂದ ಕ್ಷೌರದಂಗಡಿಯವರೇ, ಕಂಡಕ್ಟರರೇ, ಗಿರಿಜಕ್ಕಾ, ಅದನ್ನು ಬೇಕಾದಷ್ಟು ಸಲ ಹೇಳಿ.

ಪಡೀಲು

ದೀಪಾವಳಿಗೆ ನಾಲ್ಕು ದಿನ ಇರುವಾಗ ಬಾಬಣ್ಣನವರ ಅಂಗಳದಿಂದ ಹಾರ್ನು ಎತ್ತಿಕೊಂಡೆ. ಮೊನ್ನೆ ನಮ್ಮ ಮನೆಯ ಕೋಲ. ನಮ್ಮ ಭೂತಕ್ಕೆ ಮೊದಲೇ ಒಂದು ತೆಂಗಿನಕಾಯಿ ಒಪ್ಪಿಸಿ, ಪರದೇಶದಲ್ಲಿ ದಾರಿ ತಪ್ಪಿ ಇನ್ನೊಬ್ಬರ ಹತ್ತಿರ ದೂರು ಹೇಳಿದ್ದೇನೆ, ಮನ್ನಿಸಬೇಕು ಎಂದು ಬೇಡಿಕೊಂಡೆ.

ಈಗ ನಾನು ಸೆಟ್ಟಿನ ಜೊತೆ ಒಂದು ಟೇಪ್‌ರೆಕಾರ್ಡರನ್ನೂ ಇಟ್ಟುಕೊಳ್ಳುತ್ತೇನೆ. ತಿಂಗಳಿಗೊಂದು ಕ್ಯಾಸೆಟ್ಟು ಓಹಿಯೋಗೆ ಹೋಗುತ್ತದೆ. ಅದರಲ್ಲಿ ಪಾಡ್ದನ ಸ್ವಲ್ಪ, ಗಿರಿಜಕ್ಕನ ಹಾಲಿನ ಜಗಳ ಸ್ವಲ್ಪ, ಅಮ್ಮ ನನಗೆ ಬೈಯುವುದು ತುಂಬಾ. ಕಳೆದ ಕ್ಯಾಸೆಟ್ಟು ಕೇಳಿ ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳಂತೆ. ಮೆಟ್ಟಿಲವರೆಗೆ ಕೇಳಿತು ಎಂದು ಬರೆದದ್ದು ಭಾವ.

ಕೋಲದ ಸಂಜೆ ನಾನು ಪ್ಯಾಂಟು ಮಡಚಿ ಅಂಗಳದ ತೆಂಗಿನಮರದಲ್ಲಿದ್ದೆ. ಕೆಳಗೆ ನಾಲ್ಕು ಜನ ದೊಡ್ಡವರು, ನಡುವೆ ಮಾವ. ಇಳಿದು ಬಂದು ಮೈಕ್ ಟೆಸ್ಟಿಂಗ್ ಎಂದೆ. ಗುಂಯ್ ಇಲ್ಲ, ಹಾಲಿನಂಥ ಸ್ವರ. ಮಾವ ಎದ್ದು ಬಂದು ಮೈಕಿನ ಎದುರು ನಿಂತರು. ಅದು ಆನ್ ಇದೆಯೆಂದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿತ್ತೋ.

"ಹೆದರಿ ಓಡಿ ಬಂದವ," ಎಂದರು ಪಕ್ಕದವರಿಗೆ. "ಆದ್ರೆ ಹಾರ್ನು ಚಂದ ಕಟ್ತಾನೆ."

ಮರದ ತುದಿಯಿಂದ ಅದು ಹತ್ತು ಗದ್ದೆ ಆಚೆಗೂ ಕೇಳಿತು. ಟೇಪು ತಿರುಗುತ್ತಿತ್ತು. ಮೊದಲರ್ಧ ಅಳಿಸಬಹುದಿತ್ತು, ಅಳಿಸುವ ಬಟನ್ ಎಲ್ಲಿದೆಯೆಂದು ನನಗೆ ಗೊತ್ತಿದೆ. ಅಳಿಸದೆ ಓಹಿಯೋಗೆ ಕಳಿಸಿದ್ದೇನೆ.